ಹೊಸ ಕಂಪ್ಯೂಟರ್ ಬೇಕಾಗಲಿಲ್ಲ: ನನ್ನ ಅನುಭವ

ನಮ್ಮ ಮನೆಯ ಲ್ಯಾಪ್‌ಟಾಪ್‌ಗೆ ಏಳು ವರ್ಷ ತುಂಬಿತ್ತು. ಆನ್ ಮಾಡಿ ಐದು ನಿಮಿಷ ಕಾಯಬೇಕು. ಬ್ರೌಸರ್ ತೆರೆದರೆ ಮೌಸ್ ಕೂಡ ತಡವರಿಸುತ್ತಿತ್ತು. ಹೊಸದು ತಗೊಳ್ಳೋಣ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಕಾಯಿಲೆ ಏನೆಂದೇ ಗೊತ್ತಿಲ್ಲದೆ ಕೈಬಿಡುವುದು ಸರಿಯಲ್ಲ ಅಲ್ವಾ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಕಂಪ್ಯೂಟರ್ ಒಳಗೆ ಏನೇನು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿದರೆ ಕೆಳಗೆ 'ಅಪ್ ಟೈಮ್' ಎಂದು ಇರುತ್ತದೆ. ಕಂಪ್ಯೂಟರ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬ ಲೆಕ್ಕ ಅದು. ನನ್ನದರಲ್ಲಿ 23 ದಿನ ಎಂದಿತ್ತು. ದಿನಾ ರಾತ್ರಿ ನಾನೇ ಶಟ್‌ಡೌನ್ ಮಾಡುತ್ತಿದ್ದೆ. ಹಾಗಿದ್ದರೆ 23 ದಿನ ಎಲ್ಲಿಂದ ಬಂತು?

ಹುಡುಕಿದಾಗ ಉತ್ತರ ಸಿಕ್ಕಿತು. ವಿಂಡೋಸ್ 8 ಬಂದಾಗಿನಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ ಇದೆ. ಅದು ಆನ್ ಆಗಿದ್ದರೆ ಶಟ್‌ಡೌನ್ ಮಾಡಿದಾಗ ನಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ. ಆದರೆ ವಿಂಡೋಸ್‌ನ ಒಳಭಾಗ ಮತ್ತು ಡ್ರೈವರ್‌ಗಳು (ಕಂಪ್ಯೂಟರ್‌ನ ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಂಗಳು) ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಉಳಿಯುತ್ತವೆ. ಮರುದಿನ ಅದೇ ಸ್ಥಿತಿ ವಾಪಸ್ ಬರುತ್ತದೆ. ಬೇಗ ಆನ್ ಆಗಲಿ ಎಂದು ಮಾಡಿದ ಏರ್ಪಾಟು ಅದು. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ 'ರೀಸ್ಟಾರ್ಟ್' ಮಾಡಬೇಕು. ಇಲ್ಲವೇ ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್‌ಡೌನ್ ಒತ್ತಬೇಕು. ಒಂದು ರೀಸ್ಟಾರ್ಟ್‌ಗೇ ಅರ್ಧ ಹಗುರವಾಯಿತು. ಈಗ ವಾರಕ್ಕೊಮ್ಮೆ ತಪ್ಪದೆ ಮಾಡುತ್ತೇನೆ.

ಉಳಿದ ಅರ್ಧ ಬ್ರೌಸರ್‌ನಲ್ಲಿತ್ತು. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಬ್ರೌಸರ್‌ನದೇ ಬೇರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಎಡ್ಜ್‌ನಲ್ಲೂ ಇದೆ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ಸಾಲುಸಾಲಾಗಿ ತೋರಿಸುತ್ತದೆ. ಮೆಮೊರಿ ಕಾಲಂ ಮೇಲೆ ಕ್ಲಿಕ್ ಮಾಡಿದೆ. ಎಲ್ಲಕ್ಕಿಂತ ಮೇಲೆ ಕೂತಿದ್ದು ನಾನು ಯಾವಾಗಲೋ ಒಮ್ಮೆ ಹಾಕಿಕೊಂಡು ಮರೆತಿದ್ದ ಒಂದು ಎಕ್ಸ್‌ಟೆನ್ಷನ್. ಅದಕ್ಕೆ ಕೊಟ್ಟ ಅನುಮತಿ ನೋಡಿ ಇನ್ನೂ ಬೇಸರವಾಯಿತು. ನಾನು ತೆರೆಯುವ ಎಲ್ಲ ಪುಟಗಳನ್ನೂ ಓದುವ, ಬದಲಿಸುವ ಹಕ್ಕು ಅದಕ್ಕಿತ್ತು. ಬ್ಯಾಂಕಿನ ಪುಟವೂ ಅದರಲ್ಲಿ ಸೇರಿತು. ತೆಗೆದುಹಾಕಿದೆ. ಹನ್ನೊಂದು ಎಕ್ಸ್‌ಟೆನ್ಷನ್‌ಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡೆ. ಅವುಗಳಲ್ಲೂ ಎರಡಕ್ಕೆ ಕ್ಲಿಕ್ ಮಾಡಿದಾಗ ಮಾತ್ರ ಕೆಲಸ ಮಾಡುವಂತೆ ಸೈಟ್ ಆಕ್ಸೆಸ್ ಬದಲಿಸಿದೆ.

ಟ್ಯಾಬ್‌ಗಳದ್ದು ಬೇರೆ ಕಥೆ. ಮುಚ್ಚಿದರೆ ಕಳೆದುಹೋಗುತ್ತದೆ ಎಂಬ ಹೆದರಿಕೆಗೆ ನಲವತ್ತು ಐವತ್ತು ತೆರೆದಿಟ್ಟಿರುತ್ತಿದ್ದೆ. ಆ ಹೆದರಿಕೆ ಬಿಡಿಸಿದ್ದು ಕಂಟ್ರೋಲ್, ಶಿಫ್ಟ್, ಟಿ. ಕೊನೆಗೆ ಮುಚ್ಚಿದ ಟ್ಯಾಬ್ ತಿರುಗಿ ಬರುತ್ತದೆ. ಮತ್ತೆ ಮತ್ತೆ ಒತ್ತಿದರೆ ಅದಕ್ಕೂ ಹಿಂದಿನವು. ಕೈತಪ್ಪಿ ಇಡೀ ಬ್ರೌಸರ್ ಮುಚ್ಚಿದ್ದರೂ ಪುನಃ ತೆರೆದ ಕೂಡಲೇ ಇದನ್ನು ಒತ್ತಿ ನೋಡಿ. ಇನ್‌ಕಾಗ್ನಿಟೊ, ಅಂದರೆ ಹಿಸ್ಟರಿ ಉಳಿಸದ ಖಾಸಗಿ ಟ್ಯಾಬ್‌ಗಳು ಮಾತ್ರ ಬರುವುದಿಲ್ಲ. ಆಮೇಲೆ ಓದಬೇಕಾದ್ದನ್ನೆಲ್ಲ ಕಂಟ್ರೋಲ್, ಶಿಫ್ಟ್, ಡಿ ಒತ್ತಿ ಒಂದೇ ಫೋಲ್ಡರ್‌ನಲ್ಲಿ ಬುಕ್‌ಮಾರ್ಕ್ ಮಾಡಿ ಮುಚ್ಚಿಬಿಡುತ್ತೇನೆ.

ಒಂದು ತಪ್ಪನ್ನು ಹೇಳಲೇಬೇಕು. 'ಕ್ಯಾಶ್ ಕ್ಲಿಯರ್ ಮಾಡಿ', ಅಂದರೆ ನೋಡಿದ ಪುಟಗಳಿಂದ ಬ್ರೌಸರ್ ಎತ್ತಿಟ್ಟುಕೊಂಡ ಪ್ರತಿಗಳನ್ನು ಅಳಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಿಂದೊಮ್ಮೆ ಅದನ್ನು ಮಾಡುವಾಗ ಪಟ್ಟಿಯಲ್ಲಿದ್ದ ಎಲ್ಲದಕ್ಕೂ ಟಿಕ್ ಹಾಕಿದ್ದೆ. ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅದರಲ್ಲಿದ್ದವು. ಕಂಪ್ಯೂಟರ್, ಫೋನ್ ಎರಡರಲ್ಲೂ ಒಂದೇ ಮಾಹಿತಿ ಇಡುವ ಸಿಂಕ್ ಆನ್ ಇದ್ದುದರಿಂದ ಫೋನಿನಲ್ಲಿದ್ದವೂ ಹೋದವು. ಎಲ್ಲವನ್ನೂ ಮತ್ತೆ ಹೊಂದಿಸಲು ಎರಡು ದಿನ ಹಿಡಿಯಿತು. ನಿಜ ಹೇಳಬೇಕೆಂದರೆ ಕ್ಯಾಶ್ ಇರುವುದೇ ಪುಟ ಬೇಗ ತೆರೆಯಲಿ ಎಂದು. ಸುಮ್ನೆ ಅಳಿಸಿದರೆ ಮೊದಲ ಸಲ ಎಲ್ಲವೂ ಇನ್ನೂ ನಿಧಾನ. ಒಂದು ಪುಟ ಸರಿಯಾಗಿ ಕಾಣದಿದ್ದರೆ ಆ ಪುಟದಲ್ಲಿ ಕಂಟ್ರೋಲ್ ಮತ್ತು ಎಫ್5 ಒತ್ತಿ. ಅದೊಂದನ್ನೇ ಹೊಸದಾಗಿ ತರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅಷ್ಟು ಸಾಕು.

ಇದೇ ಹೊತ್ತಿಗೆ ಅಮ್ಮ 'ವೈರಸ್ ಬಂದಿದೆ' ಎಂದು ಗಾಬರಿಯಾದರು. ಪರದೆಯ ಮೂಲೆಯಲ್ಲಿ ಜಾಹೀರಾತು, ಎಚ್ಚರಿಕೆ ಒಂದರ ಹಿಂದೆ ಒಂದು ಬರುತ್ತಿದ್ದವು. ಸ್ಕ್ಯಾನ್ ಮಾಡಿದರೆ ಏನೂ ಸಿಗಲಿಲ್ಲ. ಯಾವುದೋ ಸೈಟ್ 'ನೋಟಿಫಿಕೇಶನ್ ಕಳಿಸಲೇ?' ಎಂದು ಕೇಳಿದಾಗ 'ಅಲೋ' ಒತ್ತಿದ್ದರು, ಅಷ್ಟೇ. ಸೈಟ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯಿಂದ ಅಂಥವನ್ನೆಲ್ಲ ತೆಗೆದೆ. ಹೊಸದಾಗಿ ಯಾವ ಸೈಟೂ ಕೇಳದಂತೆ ಮಾಡಿದೆ. ವಯಸ್ಸಾದವರು ಬಳಸುವ ಕಂಪ್ಯೂಟರ್‌ನಲ್ಲಿ ಇದನ್ನು ಇವತ್ತೇ ಮಾಡಿಬಿಡಿ. ಆ ಸುಳ್ಳು ಎಚ್ಚರಿಕೆಗಳ ಮೇಲೆ ಒತ್ತಿ ಹಣ ಕಳೆದುಕೊಳ್ಳುವ ಅಪಾಯ ಇದೆ.

ಇಷ್ಟಾದರೂ ಆನ್ ಆದ ಮೊದಲ ಕೆಲವು ನಿಮಿಷ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತಿತ್ತು. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿದೆ. ಡಿಸೇಬಲ್ ಮಾಡಿದರೆ ಪ್ರೋಗ್ರಾಂ ಅಳಿಯುವುದಿಲ್ಲ, ತಾನಾಗಿ ಶುರುವಾಗುವುದಿಲ್ಲ ಅಷ್ಟೇ. ಸ್ವಲ್ಪ ಇಳಿಯಿತು, ಸಾಲಲಿಲ್ಲ. ಒಳಗಿದ್ದದ್ದು ತಿರುಗುವ ಹಳೆಯ ಹಾರ್ಡ್ ಡಿಸ್ಕ್. ಒಂದು ಪ್ರೋಗ್ರಾಂ ಕೇಳಿದ್ದು ಒಂದು ಕಡೆ, ಇನ್ನೊಂದು ಕೇಳಿದ್ದು ಮತ್ತೊಂದು ಕಡೆ. ಅದರೊಳಗಿನ ಓದುವ ಮುಳ್ಳು ಓಡಾಡಿಯೇ ಹೊತ್ತು ಹೋಗುತ್ತದೆ. ಅದರ ಬದಲಿಗೆ ಹಾಕಬಹುದಾದ ಹೊಸ ಬಗೆಯ ಡಿಸ್ಕ್ ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಮೊದಲು ಫೋಟೋ, ಕಾಗದಪತ್ರಗಳನ್ನು ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ಮಾಡಿದೆ. ಆಮೇಲೆ ಯುಎಸ್‌ಬಿ ಕೇಬಲ್ ಮೂಲಕ ಹಳೆಯದನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ (ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿ), ಅದಲು ಬದಲು ಮಾಡಿದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಯಾವ ಬಗೆಯದು ಹಿಡಿಸುತ್ತದೆ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಹಳೆಯ ಡಿಸ್ಕನ್ನು ಒಂದು ತಿಂಗಳು ಹಾಗೇ ಎತ್ತಿಟ್ಟಿದ್ದೆ, ಏನಾದರೂ ಬಿಟ್ಟುಹೋಗಿದ್ದರೆ ಇರಲಿ ಎಂದು. ಐದು ನಿಮಿಷ ಹಿಡಿಯುತ್ತಿದ್ದದ್ದು ಈಗ ಅರ್ಧ ನಿಮಿಷಕ್ಕೂ ಕಡಿಮೆ.

ಈಗ ಜಾಸ್ತಿ ಬಳಸುವ ಇನ್ನೊಂದು ಉಪಾಯ ವಿಂಡೋಸ್ ಕೀಲಿ ಮತ್ತು ವಿ. ಮೊದಲ ಸಲ ಆನ್ ಮಾಡಬೇಕು. ಆಮೇಲೆ ಕಾಪಿ ಮಾಡಿದ 25 ತುಣುಕುಗಳವರೆಗೆ ಅಲ್ಲೇ ಇರುತ್ತವೆ. ಬೇಕಾದ್ದನ್ನು ಆರಿಸಿ ಪೇಸ್ಟ್ ಮಾಡಬಹುದು. ಪಾಸ್‌ವರ್ಡ್ ಕಾಪಿ ಮಾಡಿದ್ದರೆ ಅದೂ ಅಲ್ಲಿ ಉಳಿದಿರಬಹುದು. ಕೆಲಸ ಮುಗಿದ ಕೂಡಲೇ ಅಳಿಸಿಬಿಡಿ.