ಮ್ಯಾಂಚೆಸ್ಟರ್ ಮಳೆಯಲ್ಲಿ ಹಸಿರು ಹಲ್ಲಿಗಳು

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನನ್ನ ಹಿತ್ತಲಲ್ಲಿ ಹಸಿರು ಹಲ್ಲಿ ಸಾಕಿದ್ದೇನೆ. ಮೊದಲ ಚಳಿಗಾಲ ಮುಗಿದಾಗ ಮೂರು ಹಲ್ಲಿಗಳಲ್ಲಿ ಒಂದು ಚಳಿಗಾಲದ ನಿದ್ದೆಯಿಂದ ಏಳಲಿಲ್ಲ. ಏಪ್ರಿಲ್ ಅರ್ಧ ಕಳೆದರೂ ಕಾಣಲಿಲ್ಲ ಅಂತ ಬಿಲ ಅಗೆದು ನೋಡಿದೆ. ತಳದಲ್ಲಿ ನೀರು ನಿಂತಿತ್ತು. ಹೆಣ್ಣು ಹಲ್ಲಿ ಅದರಲ್ಲೇ ಸತ್ತು ಬಿದ್ದಿತ್ತು. ಚಳಿ ತಟ್ಟಬಾರದು ಅಂತ ಮೂರಡಿ ಆಳದ ಗುಂಡಿ ತೋಡಿದವನು ನಾನೇ. ತುಂಬಾ ದಿನ ಆ ಕಡೆ ಹೋಗಲು ಮನಸ್ಸಾಗಲಿಲ್ಲ.

ನನ್ನೂರು ತೀರ್ಥಹಳ್ಳಿ ಹತ್ತಿರ. ಮಳೆ ಅಂದರೆ ನನಗೆ ಹೊಸದಲ್ಲ. ಆಗುಂಬೆಯಲ್ಲಿ ಬೀಳುವ ಮಳೆಯ ಎಂಟನೇ ಒಂದು ಭಾಗವೂ ಮ್ಯಾಂಚೆಸ್ಟರಿನಲ್ಲಿ ಬೀಳುವುದಿಲ್ಲ. ಆದರೆ ಇಲ್ಲಿನದು ವರ್ಷವಿಡೀ ಜಿಟಿಜಿಟಿ. ಜುಲೈ ತಿಂಗಳ ಮಧ್ಯಾಹ್ನವೂ ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸು. ನನ್ನ ಹಿತ್ತಲಿನದು ಜೇಡಿಮಣ್ಣು, ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ.

ನಾನು ಸಾಕಿರುವುದು ಫ್ರಾನ್ಸ್, ಇಟಲಿ ಕಡೆಯ ಹಸಿರು ಹಲ್ಲಿ. ಬಾಲ ಸೇರಿ ಒಂದಡಿ ದಾಟುತ್ತದೆ, ಹೆಚ್ಚುಕಡಿಮೆ ನಮ್ಮ ಓತಿಕ್ಯಾತದಷ್ಟು. ಜೋಡಿಯಾಗುವ ಕಾಲದಲ್ಲಿ ಗಂಡಿನ ಗಂಟಲು ನೀಲಿಯಾಗುತ್ತದೆ, ನೋಡಲು ಎರಡು ಕಣ್ಣು ಸಾಲದು. ಚಳಿಗಾಲ ಪೂರ್ತಿ ನಿದ್ದೆ ಮಾಡುವುದು ಇದರ ಹುಟ್ಟುಗುಣ. ಅದಕ್ಕೇ ಇಲ್ಲಿ ಹೊರಗೆ ಬದುಕುತ್ತದೆ. ಇಗ್ವಾನಾವನ್ನೂ ಹೀಗೆ ಬಿಡಬಹುದಾ ಅಂತ ಗೆಳೆಯರು ಕೇಳುತ್ತಾರೆ. ದಯವಿಟ್ಟು ಬೇಡ. ಅದು ಬಿಸಿನಾಡಿನ ಜೀವಿ, ಇಲ್ಲಿನ ಚಳಿಗೆ ಸಾಯುತ್ತದೆ.

ಹಲ್ಲಿ ಸತ್ತ ವಿಷಯ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಲ್ಲ ಮಾರಾಯ, ನೀರಿಗೆ ದಾರಿ ಎಲ್ಲಿ ಬಿಟ್ಟಿದ್ದೀಯ?"

ಅಡಿಕೆ ತೋಟದಲ್ಲಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಬಸಿಗಾಲುವೆ ಇಲ್ಲದ ತೋಟ ಉಳಿಯುತ್ತದಾ? ಜೇಡಿಮಣ್ಣಿನಲ್ಲಿ ಗುಂಡಿ ತೋಡಿದರೆ ಅದು ಬಾವಿಯೇ ಅಲ್ವಾ!

ಆ ಬೇಸಿಗೆ ಎಲ್ಲ ಕಿತ್ತು ಮತ್ತೆ ಕಟ್ಟಿದೆ. ಈ ಸಲ ಕೆಳಕ್ಕೆ ತೋಡಲಿಲ್ಲ, ಮೇಲಕ್ಕೆ ದಿಬ್ಬ ಎಬ್ಬಿಸಿದೆ. ಅಡಿಗೆ ಒಡೆದ ಇಟ್ಟಿಗೆ, ಜಲ್ಲಿ. ಅದರ ಮೇಲೆ ಮರದ ತುಂಡುಗಳನ್ನು ಸಂದು ಬಿಟ್ಟು ಜೋಡಿಸಿ, ಮರಳು ಬೆರೆಸಿದ ಮಣ್ಣು ಹಾಕಿ, ಮೇಲೆ ಹುಲ್ಲಿನ ಹೆಂಟೆ ಹೊದಿಸಿದೆ. ಹಲ್ಲಿ ಒಳಹೋಗುವ ಪೈಪು ಒಳಗೆ ಹೋದಂತೆ ಮೇಲಕ್ಕೆ ಏರುತ್ತದೆ, ಹಾಗಾಗಿ ಮಳೆನೀರು ಹೊರಕ್ಕೇ ಹರಿಯುತ್ತದೆ. ಸುತ್ತ ಒಂದು ಬಸಿಗಾಲುವೆ. ದಿಬ್ಬದೊಳಗೆ ತಂತಿ ಇರುವ ಥರ್ಮಾಮೀಟರ್ ಇಟ್ಟಿದ್ದೇನೆ. ಹೊರಗೆ ಮೈನಸ್ 5 ಇದ್ದ ಜನವರಿ ಬೆಳಿಗ್ಗೆ ಒಳಗೆ 5 ಡಿಗ್ರಿ ತೋರಿಸಿತು. ಹಲ್ಲಿಗೆ ಬೇಕಾದದ್ದು ಅಷ್ಟೇ. ಒಣಗಿರಬೇಕು, ಹೆಪ್ಪುಗಟ್ಟಬಾರದು.

ಬಿಸಿಲಿನದು ಇನ್ನೊಂದು ಕಷ್ಟ. ಮೈ 30 ಡಿಗ್ರಿ ದಾಟಿ ಬಿಸಿಯಾದರೇನೇ ಹಲ್ಲಿ ಚೆನ್ನಾಗಿ ತಿಂದು ಅರಗಿಸಿಕೊಳ್ಳುವುದು. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿ ಕರಿಕಲ್ಲಿನ ಇಳಿಜಾರು ಕಟ್ಟಿದೆ. ಅರ್ಧ ಭಾಗಕ್ಕೆ ಪಾಲಿಕಾರ್ಬೊನೇಟ್ (ಪಾರದರ್ಶಕ ಪ್ಲಾಸ್ಟಿಕ್) ಶೀಟಿನ ಮಾಡು. ಗಾಳಿ 12 ಡಿಗ್ರಿ ಇದ್ದರೂ ಬಿಸಿಲು ಬಂದರೆ ಆ ಕಲ್ಲು ಮುಟ್ಟಿದರೆ ಬೆಚ್ಚಗಿರುತ್ತದೆ. ಆದರೆ ಪೂರ್ತಿ ಮುಚ್ಚಬೇಡಿ. ಮೂಳೆ ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣವನ್ನು ಆ ಶೀಟು ತಡೆಯುತ್ತದೆ. ಉಳಿದರ್ಧಕ್ಕೆ ಬರೀ ಜಾಲರಿ. ಬೆಕ್ಕು, ಕಾಗೆಗಳ ಕಾಟಕ್ಕೂ ಅದು ಬೇಕೇ ಬೇಕು. ಇಲಿ ಬಂದರೆ ನಿದ್ದೆಯಲ್ಲಿರುವ ಹಲ್ಲಿಯನ್ನು ಕಚ್ಚಿ ತಿನ್ನುತ್ತದೆ, ಅದಕ್ಕೆ ದಿಬ್ಬದ ಸುತ್ತ ಮಣ್ಣಿನೊಳಗೂ ಸಣ್ಣ ಕಣ್ಣಿನ ಜಾಲರಿ ಹೂತಿದ್ದೇನೆ.

ಹಲ್ಲಿಗಳ ಜಾಗದ ಸುತ್ತಲಿನ ಗೋಡೆಯ ಒಳಮೈ ನುಣುಪಾಗಿದೆ, ತುದಿ ಒಳಕ್ಕೆ ಚಾಚಿದೆ. ಹೊರನಾಡಿನ ಹಲ್ಲಿ ಇಲ್ಲಿ ತಪ್ಪಿಸಿಕೊಂಡರೆ ಸ್ಥಳೀಯ ಹಲ್ಲಿಗಳಿಗೆ ತೊಂದರೆ. ಬಿಟ್ಟುಬಿಡುವುದು ಬ್ರಿಟನ್ನಿನ 1981ರ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ ಕೂಡ. (ಊರಿನಲ್ಲಿರುವ ತಮ್ಮ ಉಡ ಸಾಕಬೇಕು ಅಂತ ಆಸೆಪಟ್ಟಿದ್ದ. ಅಲ್ಲಿ ಅದಕ್ಕೆ ಜೈಲು. ಬಿಲದಲ್ಲಿರುವ ಉಡವನ್ನು ದೂರದಿಂದಲೇ ನೋಡು ಅಂದೆ.)

ಊಟಕ್ಕೆ ಹೆಚ್ಚೇನೂ ಬೇಡ. ಜೀರುಂಡೆ, ಮಿಡತೆ, ಮೇಲೆ ಉದುರಿಸಲು ಕ್ಯಾಲ್ಸಿಯಂ ಪುಡಿ.

ಮೊಟ್ಟೆ ಮಾತ್ರ ಹೊರಗೆ ಬಿಡಲಿಲ್ಲ, ಇಲ್ಲಿನ ಬೇಸಿಗೆ ಅದಕ್ಕೆ ಸಾಲದು. ಜೂನಿನಲ್ಲಿ ಉಳಿದ ಹೆಣ್ಣು ಮರಳಿನಲ್ಲಿ ಒಂಬತ್ತು ಮೊಟ್ಟೆ ಇಟ್ಟಿತು. ಮಗ್ಗುಲು ಬದಲಾಗದಂತೆ ಮೇಲೆ ಪೆನ್ಸಿಲ್ ಗುರುತು ಹಾಕಿ, ಒದ್ದೆ ವರ್ಮಿಕ್ಯುಲೈಟಿನಲ್ಲಿ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಅರ್ಧ ಹೂತು, 28 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟೆ. ಸುಮಾರು ಎರಡು ತಿಂಗಳಿಗೆ ಆರು ಮರಿ ಹೊರಬಂದವು, ಕಂದು ಬಣ್ಣದವು. ಮೊದಲ ಚಳಿಗಾಲ ಅವನ್ನು ಮನೆಯೊಳಗೇ ದೀಪದ ಬಿಸಿಯಲ್ಲಿ ಇಟ್ಟುಕೊಂಡಿದ್ದೆ. ಈ ಮೇ ತಿಂಗಳಲ್ಲಿ ಅವಕ್ಕೂ ಒಂದು ದಿಬ್ಬ ಕಟ್ಟಿದೆ, ಬಸಿಗಾಲುವೆ ತೆಗೆದ ಮೇಲೆ.