ಒಂದು ಮಿಲಿಮೀಟರ್ ದಪ್ಪದ ಮಡ್‌ಗಾರ್ಡ್

ಹದಿನೇಳು ವರ್ಷದ ಹಿಂದೆ ಅರ್ಧ ಜೋಡಿಸಿ ಎತ್ತಿಟ್ಟಿದ್ದ ಟಿ-34/85 ಎಂಬ ಸೋವಿಯತ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯ ಕಿಟ್ ಈಚೆಗೆ ಮತ್ತೆ ಕೈಗೆ ಬಂತು. 1/35 ಅಳತೆಯದು, ಅಂದರೆ ನಿಜವಾದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲು. ಟರೆಟ್ಟಿನ (ಫಿರಂಗಿ ಇರುವ, ತಿರುಗುವ ಗೋಪುರದ) ಮೇಲಿನ ಕೆಳಗಿನ ಭಾಗಗಳನ್ನು ಆಗಲೇ ಅಂಟಿಸಿದ್ದೆ. ಹಲ್, ಅಂದರೆ ಟ್ಯಾಂಕಿನ ಒಡಲಿನ ಕೆಳಭಾಗ ಸಿದ್ಧವಿತ್ತು, ಉಳಿದದ್ದೆಲ್ಲ ಇನ್ನೂ ಬಿಡಿಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟಾದ ಸ್ಪ್ರೂನಲ್ಲೇ ಇತ್ತು. ಇದೇ ಟ್ಯಾಂಕಿನ ಹೊಸ ಕಿಟ್‌ಗಳು ಎಷ್ಟೋ ಬಂದಿವೆ, ಅದನ್ನೇ ತಂದು ಮಾಡಬಹುದಿತ್ತು. ಆದರೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಾಗ ಒಟ್ಟಾರೆ ಆಕಾರ ಸರಿಯಾಗಿಯೇ ಕಂಡಿತು. ಹಾಗಿದ್ದೂ ಅದು ಆಟಿಕೆಯ ಹಾಗೆ ಕಾಣುತ್ತಿದ್ದದ್ದು ಯಾಕೆ?

ಸ್ಕೇಲ್ ಹಿಡಿದು ಅಳೆದಾಗ ಉತ್ತರ ಸಿಕ್ಕಿತು. ಮಡ್‌ಗಾರ್ಡಿನ ಅಂಚು ಸುಮಾರು ಒಂದು ಮಿ.ಮೀ. ದಪ್ಪ. 35ರಿಂದ ಗುಣಿಸಿದರೆ 35 ಮಿ.ಮೀ. ಉಕ್ಕು! ಟಿ-34ರ ಮುಂಭಾಗದ ಓರೆ ಕವಚವೇ 45 ಮಿ.ಮೀ. ಇದ್ದದ್ದು. ತೆಳು ತಗಡಿನ ಮಡ್‌ಗಾರ್ಡ್ ಹೆಚ್ಚುಕಡಿಮೆ ಕವಚದಷ್ಟೇ ದಪ್ಪವಾಗಿ ನಿಂತರೆ ಕಣ್ಣು ನಂಬುವುದಿಲ್ಲ. ಹಳೆಯ ಕಿಟ್‌ಗಳ ದೊಡ್ಡ ಕೊರತೆ ಅಳತೆಯ ತಪ್ಪಲ್ಲ, ದಪ್ಪ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಎಲ್ಲವನ್ನೂ ತಿದ್ದಲು ಹೋಗದೆ, ತೆಳುವಾಗಿರಬೇಕಾದ್ದನ್ನು ತೆಳುವಾಗಿಸುವುದು, ಭಾರವಾಗಿರಬೇಕಾದ್ದನ್ನು ಭಾರವಾಗಿ ಕಾಣಿಸುವುದು, ಇಷ್ಟೇ ಕೆಲಸ ಎಂದು ನಿರ್ಧರಿಸಿದೆ.

ಪಕ್ಕದ ಉದ್ದ ಮಡ್‌ಗಾರ್ಡ್‌ಗಳನ್ನು ಕಿತ್ತುಹಾಕಲಿಲ್ಲ. ಅಂಚಿನ ಒಳಮಗ್ಗುಲನ್ನು ಬ್ಲೇಡಿನಿಂದ ಓರೆಯಾಗಿ ಹೆರೆಯುತ್ತಾ ಬಂದೆ. ಬ್ಲೇಡನ್ನು ಲಂಬಕ್ಕೆ ಹತ್ತಿರವಾಗಿ ಹಿಡಿದು ನಿಮ್ಮ ಕಡೆಗೆ ಎಳೆಯಬೇಕು. ಕತ್ತರಿಸುವ ಹಾಗೆ ಒತ್ತಿದರೆ ಪ್ಲಾಸ್ಟಿಕ್ ಎದ್ದು ಬರುತ್ತದೆ. ಹೊರಗೆ ಕಾಣುವುದು ಅಂಚು ಮಾತ್ರ, ಅದು ತೆಳುವಾದರೆ ಇಡೀ ಹಲಗೆ ತೆಳುವಾದಂತೆಯೇ. ಮುಂದಿನ ಎರಡು ತುದಿಗಳನ್ನು ಮಾತ್ರ ಕತ್ತರಿಸಿ ತೆಗೆದು, ತಂಪು ಪಾನೀಯದ ಖಾಲಿ ಕ್ಯಾನಿನ ತಗಡಿನಿಂದ ಹೊಸದಾಗಿ ಮಾಡಿದೆ. ಆ ತಗಡು ಸುಮಾರು 0.1 ಮಿ.ಮೀ., ಅಂದರೆ ನಿಜ ಅಳತೆಯಲ್ಲಿ ಮೂರೂವರೆ ಮಿ.ಮೀ. ಕಿಟ್ಟಿನ ತುಂಡನ್ನೇ ಮಾದರಿಯಾಗಿಟ್ಟು ಕತ್ತರಿಸಿ, ಪೆನ್ಸಿಲ್ ಮೇಲೆ ಉರುಳಿಸಿ ಬಾಗಿಸಿದೆ. ಪ್ಲಾಸ್ಟಿಕ್ ಗೋಂದು ಲೋಹಕ್ಕೆ ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು; ಅಂಟಿಸುವ ಮೊದಲು ಒರಟು ಕಾಗದದಿಂದ ಹಿಂಬದಿಯನ್ನು ಉಜ್ಜಬೇಕು. ಒಂದನ್ನು ಬೆರಳಿನಿಂದ ಸ್ವಲ್ಪ ನೆಗ್ಗಿಸಿದೆ. ಪ್ಲಾಸ್ಟಿಕ್ಕಿನಲ್ಲಿ ಅಂಥ ನೆಗ್ಗು ಎಂದೂ ಬಾರದು.

ಹೆಚ್ಚು ದಿನ ತಿಂದದ್ದು ಟರೆಟ್. ಹಿಂದೆ ಟ್ಯೂಬಿನ ಗೋಂದು ಬಳಿದಿದ್ದೆ, ಕೂಡುಗೆರೆ ಅಲ್ಲಲ್ಲಿ ಬಾಯಿ ಬಿಟ್ಟಿತ್ತು. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಮೆಲ್ಲಗೆ ತಿರುಚಿದಾಗ ಹಳೆಯ ಅಂಟು ಟಕ್ ಎಂದು ಬಿಟ್ಟಿತು. ಮುಖಗಳನ್ನು ಉಜ್ಜಿ ಮತ್ತೆ ಕೂಡಿಸಿ, ಬಿರುಕಿಗೆ ಪುಟ್ಟಿ ತುಂಬಿ ನುಣ್ಣಗೆ ಮಾಡಿದೆ. ಆದರೆ ಟಿ-34/85ರ ಟರೆಟ್ ನುಣ್ಣಗಿದ್ದದ್ದಲ್ಲ. ಹಲ್ ಬೆಸುಗೆ ಹಾಕಿದ ದಪ್ಪ ಉಕ್ಕಿನ ಹಲಗೆಗಳಿಂದಾದದ್ದು, ಟರೆಟ್ ಎರಕದ್ದು. ಎರಕದ ಅಚ್ಚುಗಳು ಕೂಡಿದ ಕಡೆ ಅದರ ಮೈಮೇಲೆ ಒರಟಾದ ಏಣು ಎದ್ದು ಕಾಣುತ್ತಿತ್ತು. ಕಿಟ್ಟಿನ ಗೆರೆಯನ್ನು ಅಳಿಸಿದ ಮೇಲೆ ನಿಜವಾದ ಟ್ಯಾಂಕಿನ ಗೆರೆಯನ್ನು ನಾನೇ ಹಾಕಬೇಕಾಯಿತು. ಸ್ಪ್ರೂ ತುಂಡನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ಮೆತ್ತಗಾದ ಕ್ಷಣ ಜ್ವಾಲೆಯಿಂದ ಹೊರಗೆ ತಂದು ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಆ ಎಳೆಯನ್ನು ಟರೆಟ್ಟಿನ ಸುತ್ತ ಅಂಟಿಸಿ, ಮೇಲೆ ದ್ರವ ಗೋಂದು ಸವರಿ, ಮೆದುವಾದಾಗ ಬ್ಲೇಡಿನ ಬೆನ್ನಿನಿಂದ ಅಲ್ಲಲ್ಲಿ ಒತ್ತಿದೆ. ಆಮೇಲೆ ಇಡೀ ಮೈಗೆ ಒಂದಿಷ್ಟೇ ಜಾಗ ಒಂದು ಸಲಕ್ಕೆ ಎಂಬಂತೆ ದ್ರವ ಗೋಂದು ಹಚ್ಚಿ, ಗಟ್ಟಿ ಕೂದಲಿನ ಹಳೆಯ ಬ್ರಷ್ಷಿನಿಂದ ನೇರವಾಗಿ ಕುಟ್ಟಿದೆ. ಮೊದಲ ಪ್ರಯತ್ನದಲ್ಲಿ ಒರಟುತನ ವಿಪರೀತವಾಯಿತು, ಗೋಡೆಯ ಗಾರೆಯ ಹಾಗೆ. ಎರಡು ದಿನ ಒಣಗಲು ಬಿಟ್ಟು ಸ್ಯಾಂಡ್‌ಪೇಪರಿನಿಂದ ತುದಿಗಳನ್ನು ತಗ್ಗಿಸಿದಾಗ ಸರಿಹೋಯಿತು. ಹಲ್‌ನ ಮೇಲೆ ಈ ಒರಟು ಬೀಳದಂತೆ ನೋಡಿಕೊಂಡೆ. ಎರಡರ ನಡುವಿನ ವ್ಯತ್ಯಾಸ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ.

ಈ ಟ್ಯಾಂಕುಗಳ ಮೇಲೆ ಕಾಲಾಳುಗಳು ಕೂತು ಹೋಗುತ್ತಿದ್ದರು. ಅವರು ಹಿಡಿದುಕೊಳ್ಳುತ್ತಿದ್ದ ಕಂಬಿಗಳ ಬದಲು 0.5 ಮಿ.ಮೀ. ತಾಮ್ರದ ತಂತಿ ಹಾಕಿದೆ. ತಂತಿಯ ಒಂದು ತುದಿಯನ್ನು ಭದ್ರವಾಗಿ ಹಿಡಿದು ಇನ್ನೊಂದನ್ನು ಇಕ್ಕಳದಿಂದ ಜಗ್ಗಿದರೆ ಸೊಟ್ಟವೆಲ್ಲ ಹೋಗುತ್ತದೆ. ಫಿರಂಗಿಯ ಬಾಯಿ 85 ಮಿ.ಮೀ., ನಮ್ಮ ಅಳತೆಗೆ ಸುಮಾರು 2.4. ಕಿಟ್ಟಿನಲ್ಲಿ ಒಂದು ಚುಕ್ಕಿ ಮಾತ್ರ ಇತ್ತು. ಸೂಜಿಮೊನೆಯಿಂದ ನಡುವನ್ನು ಗುರುತಿಸಿ, ಸಣ್ಣ ಡ್ರಿಲ್ಲಿನಿಂದ ಶುರುಮಾಡಿ ಹಂತಹಂತವಾಗಿ ಹಿಗ್ಗಿಸಿದೆ. ನೇರ ದೊಡ್ಡ ಡ್ರಿಲ್ ಹಾಕಿದರೆ ಅದು ಪಕ್ಕಕ್ಕೆ ಸರಿಯುತ್ತದೆ. ಇಂಜಿನ್ನಿನ ಹಿಂದಿನ ಜಾಲರಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲೇ ಕೆತ್ತಿದ್ದಾಗಿತ್ತು. ಕೊರೆದು ತೆಗೆದು ನಿಜವಾದ ಸಣ್ಣ ಕಣ್ಣಿನ ಜಾಲರಿ ಕೂರಿಸಿದೆ. ಹಲ್‌ನ ತಳದಲ್ಲಿ ಮಾದರಿಯನ್ನು ಓಡಿಸುವ ಮೋಟಾರಿಗೆಂದು ಬಿಟ್ಟಿದ್ದ ತೂತುಗಳನ್ನೂ ಟ್ರ್ಯಾಕಿನ (ಚಕ್ರಗಳನ್ನು ಸುತ್ತುವ ಪಟ್ಟಿಯ) ಮೇಲಿನ ತೆರವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದೆ.

ಚಕ್ರಗಳಲ್ಲಿ ಒಂದು ಕಹಿ ಕಾದಿತ್ತು. ಅಷ್ಟು ವರ್ಷವೂ ವಿನೈಲ್ ಟ್ರ್ಯಾಕ್ ಚಕ್ರಗಳಿಗೆ ತಾಗಿಕೊಂಡೇ ಪೆಟ್ಟಿಗೆಯಲ್ಲಿ ಬಿದ್ದಿತ್ತು. ವಿನೈಲಿನಲ್ಲಿ ಮೆದುತನಕ್ಕೆ ಸೇರಿಸುವ ಪದಾರ್ಥ ನಿಧಾನವಾಗಿ ಹೊರಬಂದು ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಎರಡು ಚಕ್ರಗಳ ಅಂಚು ಕಚ್ಚಿದ ಹಾಗೆ ಆಗಿತ್ತು. ಪುಟ್ಟಿ ತುಂಬಿ ದುಂಡಗೆ ಉಜ್ಜಿ, ಒಳಮಗ್ಗುಲಿಗೆ ಸಿಕ್ಕಿಸಿದೆ. ನಿಮ್ಮಲ್ಲಿ ಇನ್ನೂ ಮಾಡದ ಹಳೆಯ ಕಿಟ್ ಇದ್ದರೆ ಇಂದೇ ತೆರೆದು ಟ್ರ್ಯಾಕನ್ನು ಬೇರೆ ಚೀಲಕ್ಕೆ ಹಾಕಿ.

ನೀರಿನಲ್ಲಿ ನೆನೆಸಿ ಅಂಟಿಸುವ ಅಂಕಿಗಳ ಡೆಕಾಲ್ ಹಾಳೆ ಹಳದಿಯಾಗಿತ್ತು. ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಎರಡು ವಾರ ಅಂಟಿಸಿದ್ದಕ್ಕೆ ಬಿಳುಪು ಬಹುಪಾಲು ಮರಳಿತು. ಬೇಡದ ಒಂದು ಅಂಕಿಯನ್ನು ನೀರಿಗೆ ಹಾಕಿ ನೋಡಿದರೆ ಚೂರುಚೂರಾಯಿತು. ಉಳಿದವುಗಳ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆದು, ಒಂದೊಂದನ್ನೂ ಅಂಚಿನ ಗುಂಟ ಕತ್ತರಿಸಿ ಬಳಸಿದೆ.

ಕೊನೆಗೆ ಟ್ರ್ಯಾಕ್. ಟಿ-34ರಲ್ಲಿ ಮೇಲಿನ ಟ್ರ್ಯಾಕನ್ನು ಹೊರಲು ಬೇರೆ ಪುಟ್ಟ ರೋಲರ್‌ಗಳಿಲ್ಲ. ಪಕ್ಕಕ್ಕೆ ಐದರಂತೆ ಇರುವ ದೊಡ್ಡ ಚಕ್ರಗಳ ನೆತ್ತಿಯ ಮೇಲೇ ಅದು ಮಲಗಿರುತ್ತದೆ. ವಿನೈಲ್ ಟ್ರ್ಯಾಕ್ ರಬ್ಬರ್ ಬ್ಯಾಂಡಿನ ಹಾಗೆ ಬಿಗಿದು ನಿಂತರೆ ಅಷ್ಟೂ ದಿನದ ಕೆಲಸ ಹಾಳು. ಹಾಗಾಗಿ ಪ್ರತಿ ಚಕ್ರದ ತಲೆಗೂ ಒಂದು ಹನಿ ಸೂಪರ್ ಗ್ಲೂ ಇಟ್ಟು, ಟ್ರ್ಯಾಕ್ ಒತ್ತಿ, ಮೇಲಿನ ಸಂದಿಗೆ ಸ್ಪಂಜಿನ ತುಂಡುಗಳನ್ನು ತುರುಕಿ ಒಂದು ರಾತ್ರಿ ಬಿಟ್ಟೆ. ಹಿಂದಿನ ಹಲ್ಲುಚಕ್ರದಿಂದ ಕೊನೆಯ ಚಕ್ರಕ್ಕೆ ಇಳಿಯುವಲ್ಲಿ ಜೋತು ಸಾಲದೆ ಬಂದದ್ದರಿಂದ ಅಲ್ಲಿ ಒಂದು ಗುಂಡುಸೂಜಿಯನ್ನು ಹಲ್‌ನ ಪಕ್ಕಕ್ಕೆ ಚುಚ್ಚಿ ಟ್ರ್ಯಾಕನ್ನು ಕೆಳಕ್ಕೆ ಹಿಡಿದೆ, ಹೊರಗಿನಿಂದ ಕಾಣುವುದಿಲ್ಲ.

ಕಡು ಹಸಿರು ಬಣ್ಣಕ್ಕೆ ಚೂರು ಬಿಳಿ ಬೆರೆಸಿ ಹೊಡೆದೆ, ಸಣ್ಣ ಮಾದರಿಯ ಮೇಲೆ ಅಚ್ಚ ಬಣ್ಣ ತೀರ ಕಪ್ಪಾಗುತ್ತದೆ. ತುಕ್ಕು ಬಹಳ ಬಳಿಯಲಿಲ್ಲ. ಧೂಳನ್ನು ಕೆಳಭಾಗಕ್ಕಷ್ಟೇ ಇಟ್ಟು, ನೆಲ ಮುಟ್ಟುವ ಟ್ರ್ಯಾಕಿನ ಉಬ್ಬುಗಳ ಮೇಲೆ ಮೆತ್ತನೆಯ ಪೆನ್ಸಿಲ್ ಸೀಸವನ್ನು ಬೆರಳಿನಿಂದ ತಿಕ್ಕಿದೆ. ಸವೆದ ಉಕ್ಕಿನ ಹೊಳಪು ಅಲ್ಲಿ ಬಂತು, ಟ್ಯಾಂಕಿನ ಭಾರವೆಲ್ಲ ಆ ಉಬ್ಬುಗಳ ಮೇಲೆ ಕೂತಂತೆ ಕಂಡಿತು.