ಜರಡಿ ಅಂದರು, ತೇಲಿತು: ನನ್ನ ಮಾವಿನ ದೋಣಿ

ಎರಡು ಮಳೆಗಾಲ ಕಳೆಯಿತು, ದೋಣಿಯ ಅಡಿಗೆ ಹೊಡೆದ ಒಂದು ಮರದ ಬೆಣೆಯೂ ಸಡಿಲಾಗಿಲ್ಲ. ಇನ್ನು ಬರೆಯಬಹುದು.

ಕುಂದಾಪುರ ಬಳಿಯ ಗಂಗೊಳ್ಳಿ ಕಡೆ ಈಗ ಯಾರ ಬಾಯಲ್ಲೂ ಫೈಬರ್ ದೋಣಿಯ ಮಾತೇ. ಕುದ್ರುವಿನ (ಹೊಳೆ ನಡುವಿನ ದ್ವೀಪ) ತೋಟದಿಂದ ಕಾಯಿ, ಹುಲ್ಲು ತರಲು ನನಗೊಂದು ಸಣ್ಣ ದೋಣಿ ಬೇಕಿತ್ತು. ಫೈಬರಿನದಕ್ಕೆ 50 ಸಾವಿರದ ಆಸುಪಾಸು ಹೇಳಿದರು. ಬಾಚಿ ಹಿಡಿದು ಬದುಕಿದ ಕೈ ಅದಕ್ಕೆ ಒಪ್ಪಲಿಲ್ಲ. ಒಂದೇ ಮಾವಿನ ದಿಮ್ಮಿ ತೋಡಿ ನಾನೇ ದೋಣಿ ಮಾಡಲು ಹೊರಟೆ.

ಮೊದಲ ಮರದಲ್ಲೇ ದುಡ್ಡು ಹೋಯಿತು. ಹೊರಗಿಂದ ದುಂಡಗೆ ಚೆಂದವಾಗಿದ್ದ ಮಾವು, ಕೊಯ್ದರೆ ನಡುವೆಲ್ಲ ಪೊಳ್ಳು, ಗೆದ್ದಲು ಮಣ್ಣು. ಮರದ ಬೆಲೆ, ಸಾಗಾಟ ಸೇರಿ 12 ಸಾವಿರ ಬಚ್ಚಲೊಲೆಗೆ. ಮಾರಿದವನು ಆಮೇಲೆ ಫೋನ್ ಎತ್ತಲೇ ಇಲ್ಲ. ಎರಡನೆಯದು ಗಾಳಿಗೆ ಉರುಳಿದ ಕಾಟು ಮಾವು. ಸುತ್ತಳತೆ 7 ಅಡಿ, ನೇರ ಕಾಂಡ 20 ಅಡಿ ಇತ್ತು. ಮರ ಪುಕ್ಕಟೆ ಸಿಕ್ಕಿತು, ಆದರೆ ಎರಡು ಟನ್ ಮೀರಿದ ಹಸಿ ದಿಮ್ಮಿಯನ್ನು ಹೊಳೆ ಬದಿಗೆ ತರಲು ಕ್ರೇನು, ಲಾರಿ ಅಂತ 8 ಸಾವಿರ. ಹೆಬ್ಬಲಸಿನ ಬೆಲೆಯನ್ನೂ ಕೇಳಿದ್ದೆ, ಕೇಳಿ ಸುಮ್ಮನೆ ಮನೆಗೆ ಬಂದೆ. ಮಾವಿಗೆ ಸಗಣಿ ಬಳಿದು, ಒದ್ದೆ ಗೋಣಿ ಹೊದಿಸಿ ನೆರಳಲ್ಲಿಟ್ಟರೂ ಶಿವರಾತ್ರಿಯ ಬಿಸಿಲಿಗೆ ಒಂದು ತುದಿ ಸೀಳಿತು. ಸೀಳು ಮುಗಿಯುವವರೆಗೂ ಕೊಯ್ದು ತೆಗೆದೆ. ದೋಣಿಗೆ ಉಳಿದದ್ದು 18 ಅಡಿ.

ಹೊರಮೈ ಕೆತ್ತುವುದು ಬಲ್ಲವರಿಗೆ ಹೇಳಬೇಕಾದದ್ದಲ್ಲ. ಕಷ್ಟ ಇರುವುದು ಒಳಗೆ ತೋಡುವಾಗ. ದಪ್ಪ ಎಷ್ಟು ಉಳಿದಿದೆ ಎಂದು ಹಳಬರು ಬೆರಳಲ್ಲಿ ಬಡಿದು ಸದ್ದಿನಲ್ಲೇ ಹೇಳುತ್ತಿದ್ದರು. ಆ ಕಿವಿ ನನಗಿಲ್ಲ. ಹಾಗಾಗಿ ಹೊರಮೈ ಮುಗಿದ ಮೇಲೆ ದೋಣಿ ಕವುಚಿ ಹಾಕಿ, ಗೇಣಿಗೊಂದರಂತೆ ಹೊರಗಿಂದ ಬೈರಿಗೆಯಲ್ಲಿ ತೂತು ಕೊರೆದೆ. ಬದಿಗೆ ಒಂದೂಕಾಲು ಇಂಚು, ಅಡಿಗೆ ಒಂದೂಮುಕ್ಕಾಲು. ಪ್ರತಿ ತೂತಿಗೂ ಅಷ್ಟೇ ಉದ್ದದ ಬೆಣೆ. ಆಮೇಲೆ ಮಗುಚಿ ಒಳಗಿಂದ ತೋಡುತ್ತಾ ಬಂದರೆ, ಬೆಣೆಯ ತಲೆ ಕಂಡಲ್ಲಿ ಬಾಚಿ ನಿಲ್ಲಿಸಿದರಾಯಿತು.

ಇದನ್ನು ನೋಡಲು ಕೇರಿಯೇ ಬಂತು. ಅರ್ಧ ಆಯುಷ್ಯ ಅಳಿವೆಯಲ್ಲೇ ಕಳೆದ ಹಿರಿಯರೊಬ್ಬರು, "ಹೋಯ್ ಮಾಣಿ, ಇದ್ ದೋಣಿಯಾ, ಜರಡಿಯಾ?" ಎಂದರು. ಕಿವಿಗೆ ಹಾಕಿಕೊಳ್ಳಲಿಲ್ಲ, ಯಾಕೆಂದರೆ ಕೊಟ್ಟಿಗೆಯ ಹಿಂದೆ ಒಂದು ಮಾವಿನ ತುಂಡು ಬಾಣಲೆಯ ಹಾಗೆ ತೋಡಿ, ಬೆಣೆ ಹೊಡೆದು ನೀರು ತುಂಬಿಸಿಟ್ಟಿದ್ದೆ. ಬಿದಿರಿನ ಬೆಣೆ ಬೆಳಗಾಗುವುದರೊಳಗೆ ಒಸರಿತು. ಅಡಿಕೆ ಮರದ ಸೀಳಿನದು ಅದಕ್ಕಿಂತ ಕಡೆ. ನಿಂತದ್ದು ಹಲಸಿನ ತಿರುಳು ಮಾತ್ರ. ಅದರ ಹಳದಿ ಬಣ್ಣ ಬಿಳಿಚು ಮಾವಿನ ನಡುವೆ ದೂರದಿಂದಲೇ ಕಾಣುತ್ತದೆ, ಅದು ಇನ್ನೊಂದು ಲಾಭ. ಬೆಣೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಚೆನ್ನಾಗಿ ಒಣಗಿಸಿಯೇ ಹೊಡೆಯಬೇಕು. ನೀರು ಕುಡಿದು ಊದಿ ತಾನೇ ಬಿಗಿಯುತ್ತದೆ. ಹೊಡೆಯುವ ಮೊದಲು ಅದನ್ನು ಒಂದರಲ್ಲಿ ಅದ್ದುತ್ತೇನೆ. ರಾಳ ಇದೆ ಅಂತ ಹೇಳಬಲ್ಲೆ. ಉಳಿದದ್ದನ್ನೂ ಅಳತೆಯನ್ನೂ ಕೇಳಬೇಡಿ.

ದೋಣಿಯ ಮೈಗೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ. ಕೈಗೆ ಕವಚ ಹಾಕದೆ ಮುಟ್ಟಿದರೆ ಬೊಬ್ಬೆ ಗ್ಯಾರಂಟಿ. ಬೂತಾಯಿ ಮೀನಿನ ಎಣ್ಣೆಯನ್ನು ಒಂದು ಬದಿಗೆ ಮಾತ್ರ ಬಳಿದು ನೋಡಿದೆ. ಬೇಗ ಹೀರಿಕೊಂಡಿತು, ಆದರೆ ಊರಿನ ಬೆಕ್ಕುಗಳೆಲ್ಲ ಅಲ್ಲೇ ಠಿಕಾಣಿ. ಚೈನ್ ಗರಗಸದ ಬಾಡಿಗೆ, ಎಣ್ಣೆ, ಎತ್ತಲು ಬಂದವರ ಊಟ ಸೇರಿ, ಮೊದಲ ಮರದ ನಷ್ಟವನ್ನೂ ಹಿಡಿದರೆ 30 ಸಾವಿರ ದಾಟಿರಬಹುದು. ನನ್ನ ಕೂಲಿ ಹಾಕಿಲ್ಲ, ಹಾಕಿದರೆ ಫೈಬರಿನವನೇ ಗೆಲ್ಲುತ್ತಾನೆ.

ನಡುವೆ ಹುಚ್ಚು ಪ್ರಯೋಗವೂ ನಡೆಯಿತು. ಚುನಾವಣೆ ಮುಗಿದ ಮೇಲೆ ಸಿಕ್ಕ ಫ್ಲೆಕ್ಸಿನಲ್ಲಿ ಹಾಯಿ ಹೊಲಿದೆ. ಪಡುಗಾಳಿಗೆ ದೋಣಿ ಓಡಿತೇನೋ ಸರಿ, ಅಷ್ಟು ದೊಡ್ಡ ಮುಖ ಹೊತ್ತು ಹೊಳೆಯಲ್ಲಿ ಬರುವುದನ್ನು ನೋಡಿ ದಡದವರು ಕೈ ಮುಗಿಯತೊಡಗಿದರು. ಹಾಯಿ ಈಗ ಸೌದೆ ಮುಚ್ಚಲು ಇದೆ. ಹುಟ್ಟಿಗೆ ತೆಂಗು ಭಾರ, ಸಿಲ್ವರ್ ಓಕ್ ಹಗುರ. ಆದರೆ ಅಲಗಿನ ಅಂಚು ಬೇಗ ಸವೆಯುತ್ತದೆ.

ಬೇಸಿಗೆಯಲ್ಲಿ ಅಳಿವೆಯ ನೀರು ಉಪ್ಪಾದಾಗ ಮರ ಕೊರೆಯುವ ಹುಳುವಿನ ಕಾಟ ಇದ್ದದ್ದೇ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಕ್ಕೆ ದಡಕ್ಕೆಳೆದು, ಒಣಗಿಸಿ, ಅಡಿಗೆ ಸೂಡಿಯ (ಒಣ ತೆಂಗಿನ ಗರಿಯ ಪಂಜು) ಬೆಂಕಿ ತಾಗಿಸುತ್ತೇನೆ. ಮಳೆ ಹಿಡಿದರೆ ಆ ಚಿಂತೆಯಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಐದೂ ಹೊಳೆ ಸೇರಿ ಸಿಹಿನೀರು ನುಗ್ಗಿದರೆ ಹುಳು ಬದುಕುವುದಿಲ್ಲ.

ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಲ್ಲವೇ? ಬಂದರಿನಲ್ಲಿ ದೊಡ್ಡ ಬೋಟುಗಳೆಲ್ಲ ಕಟ್ಟಿ ನಿಂತಿರುವಾಗ ಬೀಸುಬಲೆ ಹಾಕಿಕೊಂಡು ಅವುಗಳ ಎದುರಿಂದಲೇ ಹಾಯುತ್ತೇನೆ. ಬೇಕೆಂದೇ ನಿಧಾನಕ್ಕೆ. "ಯಾರ್ ದೋಣಿ ಅದ್?" ಎಂದು ದಡದಿಂದ ಕೇಳಿದರೆ, ಕಿವಿ ಕೇಳದವನಂತೆ ಇನ್ನೊಮ್ಮೆ ಕೇಳಿಸಿಕೊಂಡು ಉತ್ತರಿಸುತ್ತೇನೆ. ಜರಡಿ ಅಂದ ಹಿರಿಯರು ವಾರಕ್ಕೊಮ್ಮೆಯಾದರೂ ಕುದ್ರುವಿಗೆ ನನ್ನ ದೋಣಿಯಲ್ಲೇ ಬರುತ್ತಾರೆ, ಬೆಣೆಗಳ ಮೇಲೆ ಕಾಲಿಡದೆ.

ಒಬ್ಬರು 45 ಸಾವಿರಕ್ಕೆ ಕೇಳಿದರು, ಕೊಡಲಿಲ್ಲ. ಅವರಿಗೆ ಬೇರೆ ಮಾಡಿಕೊಡಲು ಮರ ಹುಡುಕುತ್ತಿದ್ದೇನೆ. ಬೈಂದೂರಿಂದ ಕುಂದಾಪುರದೊಳಗೆ ಎಲ್ಲಾದರೂ ಬಿದ್ದ ಮಾವಿದ್ದರೆ ತಿಳಿಸಿ. ಸುತ್ತಳತೆ 7 ಅಡಿಗಿಂತ ಕಮ್ಮಿ ಬೇಡ. ಕಾಂಡಕ್ಕೆ ಬೈರಿಗೆ ಹಾಕಿ ಒಳಗಿನ ಹುಡಿ ನೋಡಿಯೇ ದುಡ್ಡು ಕೊಡುವುದು.